ಹತ್ತು ನಿಮಿಷದ ಕೆಲಸ, ಇಡೀ ದಿನದ ಬಸ್ಸು

ತೋಳಲ್ಲಿ ನಳಿಕೆ ಹೊತ್ತು ಓಡಾಡುವ ಕ್ಯಾನ್ಸರ್ ರೋಗಿಗಳ ಪಾಡು ಕೇಳುವವರು ಯಾರು?

ಮದ್ದೂರು: ಬೆಳಗಿನ ಆರು ಗಂಟೆ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಮೊದಲ ಒಬ್ಬೆ ವಡೆ ಎಣ್ಣೆಗೆ ಬಿದ್ದ ಹೊತ್ತು. ಎಳನೀರು ತುಂಬಿದ ಗಾಡಿಗಳು ಒಂದರ ಹಿಂದೊಂದು ಮಾರ್ಕೆಟ್ಟಿನ ಕಡೆ ತಿರುಗುತ್ತಿದ್ದವು. ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದವರ ಗುಂಪಿನಲ್ಲಿ ನಲವತ್ತೈದು ದಾಟಿದ ಒಬ್ಬ ಹೆಣ್ಣುಮಗಳು. ಸೆರಗನ್ನು ಎಡತೋಳಿನ ಮೇಲೆ ಬಿಗಿಯಾಗಿ ಹೊದ್ದುಕೊಂಡಿದ್ದರು. ಸೆರಗು ಸರಿದಾಗ ಮೊಣಕೈ ಮೇಲೆ ಬಿಳೀ ಬಲೆಪಟ್ಟಿ ಕಂಡಿತು.

"ಏನಕ್ಕಾ, ಕೈ ಮುರ್ಕಂಡಿದ್ದೀಯಾ?" ಅಂತ ಪಕ್ಕದಲ್ಲಿ ನಿಂತಿದ್ದ ಹುಡುಗ ಕೇಳಿದ.

"ಇಲ್ಲ ಕಣಪ್ಪಾ. ಲೈನ್ ಹಾಕವ್ರೆ. ತೊಳ್ಸಕ್ಕೆ ಹೋಯ್ತಾ ಇವ್ನಿ."

ಹುಡುಗನಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಥವಾಗಲಿಲ್ಲ. ಬಸ್ಸು ಬರುವ ತನಕ ಮಾತಾಡಿಸಿದೆ. ಹೆಸರು, ಊರು ಬರೀಬ್ಯಾಡಿ ಅಂದರು. ಹಾಗಾಗಿ ಬರೆಯುವುದಿಲ್ಲ. ಅವರು ಹೇಳಿದ ಸಂಗತಿ ಮಾತ್ರ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟೋ ಮನೆಗಳ ಸಂಗತಿ. ಅದಕ್ಕೇ ಈ ವಾರ ಚರಂಡಿ, ಬೀದಿದೀಪದ ಮಾತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನರವೇ ಸಿಕ್ತಿರ್ಲಿಲ್ಲ ಕಣಣ್ಣ!

ಆಯಮ್ಮನಿಗೆ ಸ್ತನ ಕ್ಯಾನ್ಸರ್. ಬಲಗಡೆ ಆಪರೇಷನ್ ಆಗಿದೆ. ಈಗ ಮೂರು ವಾರಕ್ಕೊಮ್ಮೆ ಕಿಮೋ. ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಹೋಗಿ ಡ್ರಿಪ್ಸ್ ಹಾಕಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್.

"ಮೊದ್ಲೆರಡು ಸಲ ಕೈಗೇ ಚುಚ್ಚಿದ್ರು. ಎರಡನೇ ಸಲಕ್ಕೆ ನರವೇ ಸಿಕ್ತಿರ್ಲಿಲ್ಲ ಕಣಣ್ಣ. ಐದು ಕಡೆ ಚುಚ್ಚಿದ್ರು. ಕೈಯೆಲ್ಲ ಊದ್ಕಂಡು, ಕಪ್ಪಗಾಗಿ, ಹದಿನೈದು ದಿನ ಮುದ್ದೆ ಮುರಿಯಾಕಾಗ್ಲಿಲ್ಲ. ಆಮ್ಯಾಕೆ ಈ ಲೈನ್ ಹಾಕಿದ್ರು. ಈಗ ಚುಚ್ಚೋ ಸಂಕಟ ಇಲ್ಲ."

ನಮ್ಮ ಕಡೆ ನರ ಅನ್ನುವುದು ರಕ್ತನಾಳಕ್ಕೆ. ಕ್ಯಾನ್ಸರ್ ಔಷಧಿಗಳಲ್ಲಿ ಕೆಲವು ಬಹಳ ಖಾರ. ಕೈಯ ಸಣ್ಣ ರಕ್ತನಾಳದ ಒಳಗೋಡೆಯನ್ನು ಸುಟ್ಟು ಗಟ್ಟಿ ಮಾಡಿಬಿಡುತ್ತವೆ. ರೋಗಿಗಳು 'ಕೆಂಪು ಔಷಧಿ' ಎಂದು ಕರೆಯುವ ಡಾಕ್ಸೊರುಬಿಸಿನ್‌ನಂಥದ್ದು ನಾಳದಿಂದ ಹೊರಗೆ ಸೋರಿದರಂತೂ ಸುತ್ತಲಿನ ಚರ್ಮ, ಮಾಂಸವೇ ಕೊಳೆತು ಹುಣ್ಣಾಗಬಹುದು. ಇಂಥ ಔಷಧಿಯನ್ನು ತಿಂಗಳುಗಟ್ಟಲೆ ಕೊಡಬೇಕು. ಕೈಯ ನಾಳ ಎಷ್ಟು ಸಲ ತಡೆದೀತು?

ಸ್ತನದ ಆಪರೇಷನ್ ಆದವರಿಗೆ ಇನ್ನೊಂದು ತೊಡಕು. ಕಂಕುಳ ಗಂಟು ತೆಗೆದ ಕಡೆಯ ಕೈಗೆ ಸಾಮಾನ್ಯವಾಗಿ ಸೂಜಿ ಚುಚ್ಚುವುದಿಲ್ಲ. ಉಳಿದದ್ದು ಒಂದೇ ಕೈ!

ನಾಲೆಯ ಲೆಕ್ಕ

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಸುಲಭ. ಗದ್ದೆಯ ಬದುವಿನ ಪಕ್ಕದ ಸಣ್ಣ ಕಾಲುವೆಗೆ ಒಂದು ಕೊಡ ಸುಣ್ಣದ ನೀರು ಸುರಿದರೆ ಏನಾಗುತ್ತದೆ? ಅಂಚಿನ ಹುಲ್ಲೆಲ್ಲ ಸುಟ್ಟುಹೋಗುತ್ತದೆ. ಅದೇ ಕೊಡವನ್ನು ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆಗೆ ಸುರಿದರೆ? ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ.

ದೇಹದಲ್ಲೂ ಹಾಗೊಂದು ದೊಡ್ಡ ನಾಲೆ ಇದೆ. ತಲೆ, ತೋಳುಗಳ ರಕ್ತವೆಲ್ಲ ಕೂಡಿಕೊಂಡು ಹೃದಯಕ್ಕೆ ಇಳಿಯುವ ಮಹಾ ರಕ್ತನಾಳ. ಅಲ್ಲಿ ರಕ್ತದ ಹರಿವು ಜೋರು. ಔಷಧಿ ಅಲ್ಲಿಗೆ ಬಿದ್ದರೆ ಆ ಕ್ಷಣವೇ ತೆಳುವಾಗಿ ಬೆರೆತುಹೋಗುತ್ತದೆ. ಸಣ್ಣ ನಾಳ ಸುಡುವ ಭಯವಿಲ್ಲ. ಹಾಗಾಗಿ ಒಂದು ಮೆತ್ತನೆಯ ನಳಿಕೆಯನ್ನು ಆ ದೊಡ್ಡ ನಾಳದವರೆಗೂ ಕೂರಿಸಿ, ಚಿಕಿತ್ಸೆ ಮುಗಿಯುವ ತನಕ ಅಲ್ಲೇ ಬಿಟ್ಟಿರುತ್ತಾರೆ. ಔಷಧಿ ಕೊಡಲೂ ಅದೇ, ಬಹಳ ಸಲ ಪರೀಕ್ಷೆಗೆ ರಕ್ತ ತೆಗೆಯಲೂ ಅದೇ.

ತನ್ನ ತೋಳಿಗೇ ತೂರಿಸಿಕೊಂಡ ಡಾಕ್ಟರು!

ಹೃದಯದ ಹತ್ತಿರಕ್ಕೆ ನಳಿಕೆ ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಹಿಂದಿನ ಕಾಲದ ಡಾಕ್ಟರುಗಳಿಗೂ ಹಾಗೇ ಅನ್ನಿಸುತ್ತಿತ್ತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಇಪ್ಪತ್ತೈದರ ಹರೆಯದ ಡಾಕ್ಟರಿದ್ದ. ದೊಡ್ಡ ಡಾಕ್ಟರು ಬೇಡವೆಂದರೂ ಕೇಳದೆ, ಮೂತ್ರನಾಳಕ್ಕೆ ಹಾಕುವ ತೆಳು ನಳಿಕೆಯನ್ನು ತನ್ನ ಎಡತೋಳಿನ ರಕ್ತನಾಳಕ್ಕೇ 65 ಸೆಂಟಿಮೀಟರ್ ತೂರಿಸಿಕೊಂಡ. ಹಾಗೇ ನಡೆದುಕೊಂಡು ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿದ. ನಳಿಕೆಯ ತುದಿ ಹೃದಯದಲ್ಲಿತ್ತು. ಆಸಾಮಿ ನಿಂತೇ ಇದ್ದ!

ಆಗ ಬೈಸಿಕೊಂಡ ಆ ಡಾಕ್ಟರಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಮುಂದೆ 1973ರಲ್ಲಿ ಅಮೆರಿಕದ ಬ್ರೋವಿಯಾಕ್ ಎಂಬ ವೈದ್ಯರು ತಿಂಗಳುಗಟ್ಟಲೆ ಒಳಗೇ ಇಡಬಹುದಾದ ನಳಿಕೆಯನ್ನು ಬಳಕೆಗೆ ತಂದರು. ಬೆಂಗಳೂರಿನಲ್ಲಿ ನಮ್ಮ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಾಗಿಲು ತೆರೆದದ್ದೂ ಅದೇ 1973ರಲ್ಲಿ. 1979ರಲ್ಲಿ ಸಿಯಾಟಲ್ ನಗರದ ಹಿಕ್ಮನ್ ಅದನ್ನು ಕ್ಯಾನ್ಸರ್ ರೋಗಿಗಳಿಗೆ ಹೊಂದುವಂತೆ ದಪ್ಪ ಮಾಡಿದರು. 1982ರಲ್ಲಿ ಚರ್ಮದ ಕೆಳಗೇ ಪೂರ್ತಿ ಹೂತಿಡುವ ಪೋರ್ಟ್ ಬಂತು.

ಮೂರು ಬಗೆ, ಮೂರು ಲೆಕ್ಕ

ಒಂದು, ಪಿಕ್ ಲೈನ್. ಆಯಮ್ಮನ ತೋಳಲ್ಲಿದ್ದದ್ದು ಇದೇ. ಮೊಣಕೈಗಿಂತ ಮೇಲೆ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ಯಂತ್ರದಲ್ಲಿ ನಾಳ ನೋಡಿಕೊಂಡು ತೂರಿಸುತ್ತಾರೆ. ಒಳಗಿರುವುದು ಹೆಚ್ಚು ಕಡಿಮೆ ಒಂದು ಮೊಳ. ತುದಿ ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ಎಕ್ಸ್‌ರೇಯಲ್ಲೋ ಬೇರೆ ವಿಧಾನದಲ್ಲೋ ಖಾತ್ರಿ ಮಾಡಿಕೊಳ್ಳುತ್ತಾರೆ. ದೊಡ್ಡ ಆಪರೇಷನ್ ಬೇಕಿಲ್ಲ, ಖರ್ಚೂ ಕಮ್ಮಿ. ಆದರೆ ಬಾಲ ಹೊರಗೇ ಇರುತ್ತದೆ. ವಾರಕ್ಕೊಮ್ಮೆ ತೊಳೆದು, ಪಟ್ಟಿ ಬದಲಾಯಿಸಲೇಬೇಕು.

ಎರಡು, ಹಿಕ್ಮನ್ ಲೈನ್. ಕುತ್ತಿಗೆ ಬಳಿಯ ನಾಳಕ್ಕೆ ಹಾಕಿ, ಎದೆಯ ಚರ್ಮದ ಕೆಳಗೆ ಸುರಂಗ ಮಾಡಿ ಹೊರಗೆ ತೆಗೆದಿರುತ್ತಾರೆ. ರಕ್ತದ ಕ್ಯಾನ್ಸರಿನವರಿಗೆ, ಅಸ್ಥಿಮಜ್ಜೆ ಕಸಿ ಮಾಡುವವರಿಗೆ ಹೆಚ್ಚು ಬಳಕೆ. ಇದಕ್ಕೂ ವಾರವಾರದ ಆರೈಕೆ ಬೇಕು.

ಮೂರು, ಕಿಮೋಪೋರ್ಟ್. ಕಾಲರ್ ಮೂಳೆಯ ಕೆಳಗೆ ಚರ್ಮದ ಒಳಗೆ ನಾಣ್ಯದಗಲದ ಪುಟ್ಟ ಡಬ್ಬಿ. ಹೊರಗೆ ಏನೂ ನೇತಾಡುವುದಿಲ್ಲ. ಔಷಧಿ ಕೊಡುವಾಗ ಮಾತ್ರ ಹ್ಯೂಬರ್ ಎಂಬ ವಿಶೇಷ ಸೂಜಿಯನ್ನು ಡಬ್ಬಿಯ ಮೆತ್ತನೆ ಮುಚ್ಚಳಕ್ಕೆ ಚುಚ್ಚುತ್ತಾರೆ. ಮಾಮೂಲಿ ಸೂಜಿ ಚುಚ್ಚಿದರೆ ಮುಚ್ಚಳ ತೂತಾಗಿ ಹಾಳು. ಚಿಕಿತ್ಸೆ ಇಲ್ಲದ ದಿನಗಳಲ್ಲಿ ನಾಲ್ಕು ವಾರಕ್ಕೊಮ್ಮೆ ತೊಳೆಸುವುದು ರೂಢಿ. ಕೆಲವು ಆಸ್ಪತ್ರೆಗಳು ಇನ್ನೂ ಹೆಚ್ಚು ಅಂತರ ಕೊಡುತ್ತವೆ. ಗಾಯ ಮಾಗಿದ ಮೇಲೆ ಆರಾಮವಾಗಿ ಸ್ನಾನ ಮಾಡಬಹುದು. ಆದರೆ ಹಾಕಲೂ ಸಣ್ಣ ಆಪರೇಷನ್, ತೆಗೆಯಲೂ ಸಣ್ಣ ಆಪರೇಷನ್. ಸಾಮಾನೂ ದುಬಾರಿ.

ಯಾವುದು ಒಳ್ಳೇದು? ಇಂಗ್ಲೆಂಡಿನ ಕಡೆ 1061 ರೋಗಿಗಳ ಮೇಲೆ ನಡೆದ 'ಕಾವಾ' ಎಂಬ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. ಪಿಕ್‌ಗೂ ಪೋರ್ಟ್‌ಗೂ ಹೋಲಿಸಿದ ಗುಂಪಿನಲ್ಲಿ, ಪೋರ್ಟ್ ಹಾಕಿಸಿಕೊಂಡ ನೂರರಲ್ಲಿ 32 ಮಂದಿಗೆ ಏನಾದರೊಂದು ತೊಂದರೆ ಆಗಿತ್ತು. ಪಿಕ್ ಹಾಕಿಸಿಕೊಂಡವರಲ್ಲಿ 47 ಮಂದಿಗೆ. ಕಿದ್ವಾಯಿಯ ವೈದ್ಯರೂ 2016ರಲ್ಲಿ ಇಂಥ ನಳಿಕೆಗಳ ಫಲ, ಖರ್ಚು, ರೋಗಿಯ ಸಮಾಧಾನ ಮೂರನ್ನೂ ತೂಗಿ ಲೇಖನ ಪ್ರಕಟಿಸಿದ್ದಾರೆ. ನಿಮಗೆ ಯಾವುದು ತಕ್ಕದ್ದು ಎಂಬುದನ್ನು ಕಾಯಿಲೆ, ಔಷಧಿ, ಎಷ್ಟು ತಿಂಗಳು, ಜೇಬಿನ ಬಲ ಇಷ್ಟನ್ನೂ ನೋಡಿ ಡಾಕ್ಟರೇ ಹೇಳಬೇಕು. ಆದರೆ "ಡಾಕ್ಟ್ರೇ, ನನ್ಗೆ ಯಾವ್ದು ಒಳ್ಳೇದು?" ಅಂತ ಬಾಯಿ ಬಿಟ್ಟು ಕೇಳುವ ಹಕ್ಕು ನಿಮಗಿದೆ. ಕೇಳಿ!

ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ನಳಿಕೆಯ ಖರ್ಚು ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿಕೊಳ್ಳಿ.

ಜ್ವರ ಬಂದರೆ ಕಾಯಬೇಡಿ

ಮಳವಳ್ಳಿ ಕಡೆಯ ಒಬ್ಬ ರೇಷ್ಮೆ ಬೆಳೆಗಾರರ ಕತೆ ಕೇಳಿ. ಕರುಳಿನ ಕ್ಯಾನ್ಸರ್. ಅವರಿಗೂ ತೋಳಲ್ಲಿ ಪಿಕ್ ಲೈನ್. ಹುಳ ನಾಲ್ಕನೇ ಜ್ವರಕ್ಕೆ ಬಂದಿತ್ತು, ಸೊಪ್ಪು ಹಾಕುವವರಿಲ್ಲ. "ಒಂದ್ ವಾರ ಬುಟ್ರೆ ಏನಾಯ್ತದೆ" ಅಂತ ತೊಳೆಸಲು ಹೋಗಲಿಲ್ಲ. ಒಂದು ವಾರ ಮೂರು ವಾರವಾಯಿತು. ಪಟ್ಟಿ ಬೆವರಿಗೆ ಎದ್ದು ಬಂತು. ಒಂದು ಸಂಜೆ ಚಳಿ, ನಡುಕ, ಜ್ವರ. ಮನೆಯವರು ವೈರಲ್ ಅಂದುಕೊಂಡು ಮೂರು ದಿನ ಮಾತ್ರೆ ನುಂಗಿಸಿದರು. ನಾಲ್ಕನೇ ದಿನ ಕಾರು ಮಾಡಿಕೊಂಡು ಓಡಿದರು. ಸೋಂಕು ರಕ್ತಕ್ಕೇ ಹತ್ತಿತ್ತು. ಜೀವ ಉಳಿಯಿತು. ಆದರೆ ನಳಿಕೆ ಹೋಯಿತು, ಒಂದು ತಿಂಗಳ ಕಿಮೋ ತಪ್ಪಿತು, ಆ ಸಲದ ಗೂಡೂ ಹೋಯಿತು.

ಹುಳಕ್ಕೆ ಜ್ವರ ಬಂದದ್ದು ಲೆಕ್ಕಕ್ಕಿತ್ತು, ಮನುಷ್ಯನಿಗೆ ಬಂದದ್ದು ಲೆಕ್ಕಕ್ಕೆ ಬರಲಿಲ್ಲ!

ನಳಿಕೆ ಇರುವವರು ಇಷ್ಟನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಅಥವಾ ಲೈನ್ ತೊಳೆದ ಮೇಲೆ ಚಳಿ ನಡುಕ ಬಂದರೆ, ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಕಿಮೋದಲ್ಲಿರುವವರ ಮೈಯಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ಕಮ್ಮಿ ಇರುತ್ತದೆ. ಕಾಯಲು ಸಮಯವಿಲ್ಲ. ತೂತಿನ ಸುತ್ತ ಕೆಂಪು, ಕೀವು, ನೋವು ಕಂಡರೂ ಹಾಗೇ. ತೋಳೋ ಕುತ್ತಿಗೆಯೋ ಊದಿಕೊಂಡರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ನಳಿಕೆ ಹೊರಗೆ ಜಾರಿ ಬಂದರೆ ವಾಪಸ್ ಒಳಗೆ ತಳ್ಳಬೇಡಿ. ಪೂರ್ತಿ ಕಿತ್ತು ಬಂದರೆ ತೂತಿನ ಮೇಲೆ ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಹೊರಗಿನ ಬಾಲ ಸೀಳಿದರೆ, ಸೀಳಿದ ಜಾಗಕ್ಕೂ ಮೈಗೂ ನಡುವೆ ಮಡಿಸಿ ಗಟ್ಟಿಯಾಗಿ ಹಿಡಿಯಿರಿ. ರಕ್ತ ಹೊರಗೆ ಬರಬಾರದು, ಗಾಳಿ ಒಳಗೆ ಹೋಗಬಾರದು.

ಮನೆ, ಹೊಲ, ಬಸ್ಸು

ಪಿಕ್ ಲೈನ್ ಇರುವವರು ಹೊಳೆ, ನಾಲೆ, ಕೆರೆಗೆ ಇಳಿಯುವಂತಿಲ್ಲ. ಮುತ್ತತ್ತಿಗೆ ಹರಕೆ ಇದ್ದರೆ ದಡದಲ್ಲೇ ತಲೆಗೆ ನೀರು ಪ್ರೋಕ್ಷಿಸಿಕೊಂಡರೆ ಸಾಕು, ಆಂಜನೇಯ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಸ್ನಾನ ಮಾಡುವಾಗ ತೋಳಿಗೆ ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿ ಮಾಡಿ. ಪಟ್ಟಿ ಒದ್ದೆಯಾದರೆ, ಎದ್ದು ಬಂದರೆ ವಾರ ತುಂಬುವ ತನಕ ಕಾಯದೆ ಬದಲಾಯಿಸಿಸಿ.

ಆ ಕೈಯಲ್ಲಿ ತುಂಬಿದ ಕೊಡ ಎತ್ತುವುದು, ಕಬ್ಬಿನ ಹೊರೆ ಹೊರುವುದು, ಹಸು ಹಗ್ಗ ಜಗ್ಗುವುದು ಬೇಡ. ಹಾಗಂತ ಕೈಯನ್ನು ಮಡಿಸಿಟ್ಟುಕೊಂಡು ಕೂರುವುದೂ ಬೇಡ. ಮುದ್ದೆ ತಿನ್ನಿ, ಹೂ ಕಟ್ಟಿ, ಅಂಗಡಿಯಲ್ಲಿ ಕೂತು ಚಿಲ್ಲರೆ ಎಣಿಸಿ. ಕೈ ಆಡುತ್ತಿದ್ದರೆ ರಕ್ತವೂ ಆಡುತ್ತದೆ.

ಆ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಸಿಕೊಳ್ಳಬೇಡಿ. ತೂತಿನ ಸುತ್ತ ಅರಿಶಿನ, ಹರಳೆಣ್ಣೆ, ವಿಭೂತಿ ಏನೂ ಹಚ್ಚಬೇಡಿ. "ಹೆಂಗೂ ದಾರಿ ಇದ್ಯಲ್ಲ, ಒಂದು ಶಕ್ತಿ ಇಂಜೆಕ್ಷನ್ ಹಾಕ್ತೀನಿ" ಎನ್ನುವವರ ಕೈಗೆ ತೋಳು ಕೊಡಲೇಬೇಡಿ. ಲೈನ್ ತೊಳೆಯಲು ಹತ್ತು ಎಂ.ಎಲ್. ಸಿರಿಂಜೇ ಬೇಕು. ಸಣ್ಣ ಸಿರಿಂಜಿನಲ್ಲಿ ಒತ್ತಡ ಜಾಸ್ತಿ, ನಳಿಕೆ ಒಡೆಯಬಹುದು.

ಬಸ್ ಪ್ರಯಾಣಿಕರಲ್ಲಿ ಒಂದು ಮಾತು. ತೋಳಿಗೆ ಬಲೆಪಟ್ಟಿ ಇರುವವರು ಹತ್ತಿದರೆ ಸೀಟು ಬಿಡಿ. ನಿಂತು ಮೇಲಿನ ಕಂಬಿ ಹಿಡಿದು ಜೋತಾಡುವ ಸ್ಥಿತಿ ಅವರದ್ದಲ್ಲ. ಕೆಲವರ ಸೊಂಟದ ಚೀಲದಲ್ಲಿ ಹಾಲಿನ ಬಾಟಲಿಯಂಥ ಪಂಪು ಇರುತ್ತದೆ. ಕರುಳಿನ ಕ್ಯಾನ್ಸರಿಗೆ ಕೊಡುವ ಒಂದು ಔಷಧಿ ಅದರಿಂದ 46 ಗಂಟೆ ಸಣ್ಣಗೆ ಇಳಿಯುತ್ತಲೇ ಇರುತ್ತದೆ. ನಿಮ್ಮ ಪಕ್ಕ ಕೂತು ಕಿಟಕಿಯಾಚೆ ನೋಡುತ್ತಿರುವವರು ಆ ಹೊತ್ತಿನಲ್ಲೇ ಚಿಕಿತ್ಸೆ ಪಡೆಯುತ್ತಿರಬಹುದು! ಕ್ಯಾನ್ಸರ್ ಪಕ್ಕದವರಿಗೆ ಅಂಟುವ ಕಾಯಿಲೆ ಅಲ್ಲ. ದೂರ ಸರಿಯಬೇಕಾಗಿಲ್ಲ.

ಇನ್ನು, "ನಳಿಕೆ ಹಾಕವ್ರೆ ಅಂದ್ರೆ ಕತೆ ಮುಗೀತು" ಎಂದು ಪಿಸುಗುಟ್ಟುವ ನೆಂಟರಿಗೆ: ಚಿಕಿತ್ಸೆ ಸರಾಗವಾಗಿ ನಡೆಯಲಿ ಎಂದೇ ಅದನ್ನು ಹಾಕುವುದು. ಮುಗಿದ ಮೇಲೆ ತೆಗೆದುಬಿಡುತ್ತಾರೆ.

ಎರಡು ಗಂಟೆ ಐವತ್ತು ನಿಮಿಷ!

ಈಗ ಮುಖ್ಯ ಮಾತು. ಅಂಗಡಿಯವರು ಲೆಕ್ಕ ಹಾಕುವುದರಲ್ಲಿ ಗಟ್ಟಿಗರು, ನನ್ನ ಜೊತೆ ಲೆಕ್ಕ ಹಾಕಿ.

ಮದ್ದೂರಿಂದ ಬೆಂಗಳೂರು ಸುಮಾರು 80 ಕಿಲೋಮೀಟರ್. ಹೋಗಿ ಬಂದರೆ 160. ಆರು ತಿಂಗಳೆಂದರೆ 26 ವಾರ. ಮೂರು ವಾರಕ್ಕೊಮ್ಮೆ ಔಷಧಿ ಎಂದರೆ ಒಂಬತ್ತು ಸಲ ಹೇಗೂ ಹೋಗಬೇಕು. ಉಳಿದದ್ದು 17 ಸಲ. ಅದು ಬರೀ ತೊಳೆಸಲು, ಪಟ್ಟಿ ಬದಲಾಯಿಸಲು. 17 ಸಲಕ್ಕೆ 2720 ಕಿಲೋಮೀಟರ್. ದೆಹಲಿ ದಾಟಿ ಹೋಗುವಷ್ಟು ದೂರ! ಕೆಲಸ ಎಷ್ಟು ಹೊತ್ತಿನದು? ಒಂದು ಸಲಕ್ಕೆ ಹತ್ತು ನಿಮಿಷ ಎಂದುಕೊಳ್ಳಿ. ಹದಿನೇಳು ಸಲಕ್ಕೆ ಎರಡು ಗಂಟೆ ಐವತ್ತು ನಿಮಿಷ. ಟಾಕೀಸಿನಲ್ಲಿ ಒಂದು ಸಿನಿಮಾ ನೋಡುವಷ್ಟು ಹೊತ್ತು.

2023ರ ಜೂನ್ 11ರಿಂದ 'ಶಕ್ತಿ' ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಉಳಿದಿದೆ, ನಿಜ. ಜೊತೆಗೆ ಹೋಗುವ ಗಂಡನಿಗೆ, ಮಗನಿಗೆ ಟಿಕೆಟ್ ಉಂಟು, ಒಂದು ದಿನದ ಕೂಲಿ ಖೋತಾ. ರೈಲಿನಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರಿಯಾಯಿತಿ ಇದೆ. ಎಷ್ಟೋ ಮಂದಿಗೆ ಇದು ಗೊತ್ತಿಲ್ಲ, ಗೊತ್ತಿರಲಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದೊಡ್ಡ ರಸ್ತೆ ಬೆಂಗಳೂರನ್ನು ಹತ್ತಿರ ಮಾಡಿತು ಅನ್ನುತ್ತಾರೆ. ಆದರೆ ಆ ರಸ್ತೆ ಹಿಡಿದು ಹೋಗುವ ಬಸ್ಸು ಮದ್ದೂರು ಪೇಟೆಯೊಳಕ್ಕೆ ಬರುವುದಿಲ್ಲ. ಕೆ.ಎಂ. ದೊಡ್ಡಿ ಕಡೆ ಹಳ್ಳಿಯವರಿಗೆ ಮೊದಲು ಮದ್ದೂರು ಮುಟ್ಟುವುದೇ ಒಂದು ಪ್ರಯಾಣ.

"ಇಲ್ಲೇ ಒಂದ್ ಕಡೆ ಕೇಳ್ದೆ ಕಣಣ್ಣ. ಅವ್ರು ಮುಟ್ಟಾಕೇ ಹೆದರ್ಕಂಡ್ರು. ನಮ್ಗೆ ಗೊತ್ತಿಲ್ಲ, ಎಲ್ ಹಾಕುಸ್ಕಂಡ್ಯೋ ಅಲ್ಲೇ ಹೋಗವ್ವ ಅಂದ್ರು" ಎಂದರು ಆಯಮ್ಮ.

ಹೆದರಿದ್ದು ತಪ್ಪೆನ್ನಲಾರೆ. ತಿಳಿಯದೆ ಮುಟ್ಟುವುದಕ್ಕಿಂತ ಮುಟ್ಟದಿರುವುದೇ ಮೇಲು. ಆದರೆ ತಿಳಿಸಿಕೊಡುವವರು ಬೇಕಲ್ಲ!

ನಾವು ಕೇಳುವುದು ಇಷ್ಟೇ

2025ರ ಫೆಬ್ರವರಿ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಮೂರು ವರ್ಷದಲ್ಲಿ ಎಲ್ಲಾ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಮಾಡುತ್ತೇವೆ, 2025-26ರಲ್ಲೇ 200 ಎಂದು ಸಾರಿತು. ಮಂಡ್ಯದ ಮಿಮ್ಸ್‌ಗೆ ಕೇಂದ್ರದ ಯೋಜನೆಯಲ್ಲಿ ದೊಡ್ಡ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವೂ ಮಂಜೂರಾಗಿದೆ. ಸಂತೋಷ. ದೊಡ್ಡ ಕಟ್ಟಡ, ದೊಡ್ಡ ಯಂತ್ರ ಬರಲಿ. ಅದರ ಜೊತೆಗೆ ಈ ಸಣ್ಣ ಕೆಲಸವೂ ಆಗಲಿ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ತಲಾ ಇಬ್ಬರು ಸಿಸ್ಟರುಗಳಿಗೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಳಿಕೆ ತೊಳೆಯುವ, ಪಟ್ಟಿ ಕಟ್ಟುವ ತರಬೇತಿ ಕೊಡಿಸಲಿ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿರಲಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ ಬೋರ್ಡು ಹಾಕಲಿ. ಬೇಕಾಗುವ ಸಾಮಾನು ಏನು ಮಹಾ? ಶುದ್ಧ ಕೈಗವಸು, ಉಪ್ಪುನೀರಿನ ಸಲೈನ್, ಹತ್ತು ಎಂ.ಎಲ್. ಸಿರಿಂಜು, ಚರ್ಮ ಶುದ್ಧಿಯ ಔಷಧಿ, ಒಳಗೆ ಕಾಣುವ ಪಾರದರ್ಶಕ ಪಟ್ಟಿ. ಔಷಧಿ ಅಂಗಡಿಯವರು ಪಾರದರ್ಶಕ ಪಟ್ಟಿಯ ಒಂದು ಡಬ್ಬಿ ತರಿಸಿಟ್ಟರೆ ಅದೂ ಉಪಕಾರವೇ.

ನಳಿಕೆ ಹಾಕುವ ಆಸ್ಪತ್ರೆಗಳು ಕನ್ನಡದಲ್ಲಿ ಒಂದು ಚೀಟಿ ಕೊಡಲಿ. ಯಾವ ನಳಿಕೆ, ಹಾಕಿದ ದಿನ, ಹೊರಗೆ ಎಷ್ಟು ಸೆಂಟಿಮೀಟರ್ ಇದೆ, ಕೊನೆಯ ಸಲ ತೊಳೆದದ್ದು ಯಾವತ್ತು, ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಆ ಚೀಟಿ ನೋಡಿದರೆ ನಮ್ಮೂರಿನ ಸಿಸ್ಟರಿಗೂ ಧೈರ್ಯ ಬರುತ್ತದೆ.

ಜಿಲ್ಲಾ ಆರೋಗ್ಯಾಧಿಕಾರಿಗಳು, ಮೂರೂ ಕಡೆಯ ಶಾಸಕರು ಇತ್ತ ನೋಡುವರೇ? ಕೋಟಿ ರೂಪಾಯಿಯ ಕಾಮಗಾರಿ ಇದಲ್ಲ, ಗುದ್ದಲಿ ಪೂಜೆಯ ಫೋಟೋ ಸಿಗುವುದಿಲ್ಲ. ಅದಕ್ಕೇ ಅನುಮಾನ.

ಬಸ್ಸು ಬಂತು. ನೂಕುನುಗ್ಗಲು. ಆಯಮ್ಮ ಬಲಗೈಯಲ್ಲಿ ಬುತ್ತಿ ಚೀಲ ಹಿಡಿದು, ಎಡತೋಳನ್ನು ಎದೆಗೆ ಒತ್ತಿಕೊಂಡು, ಎಲ್ಲರೂ ಹತ್ತುವ ತನಕ ಪಕ್ಕಕ್ಕೆ ನಿಂತರು. ಕೈ ಮುರಿದಿದೆಯಾ ಅಂತ ಕೇಳಿದ್ದ ಹುಡುಗ ಒಳಗಿನಿಂದ ಕೂಗಿದ: "ಅಕ್ಕಾ, ಬಾ, ಇಲ್ಲಿ ಸೀಟ್ ಹಿಡ್ದಿವ್ನಿ!"

ಆ ಹುಡುಗನಿಗೆ ಇದ್ದ ಬುದ್ಧಿ ನಮ್ಮ ದೊಡ್ಡವರಿಗೂ ಬರಲಿ.